ಒಂದೇ ಪುಟದಲ್ಲಿ ಮೂರು ಬಟನ್, ಒತ್ತಿದರೆ ಏನೂ ಇಲ್ಲ

ಪ್ರಶ್ನೆ: ವಿಡಿಯೋ ಪಾಠಗಳ ಒಂದು ಸೈಟ್‌ಗೆಂದು ಟ್ಯಾಂಪರ್‌ಮಂಕಿಯಲ್ಲಿ (ನಾವು ಬರೆದ ಕೋಡನ್ನು ಪುಟಗಳ ಮೇಲೆ ಓಡಿಸುವ ಬ್ರೌಸರ್ ಎಕ್ಸ್‌ಟೆನ್ಶನ್) ಯೂಸರ್ ಸ್ಕ್ರಿಪ್ಟ್ ಬರೆದಿದ್ದೇನೆ. ಮೂಲೆಯಲ್ಲಿ ‘ವೇಗ’ ಎಂಬ ಬಟನ್ ಬರಬೇಕು, ಒತ್ತಿದರೆ ವಿಡಿಯೋ 1.5 ಪಟ್ಟು ವೇಗದಲ್ಲಿ ಓಡಬೇಕು. ಆದರೆ ಬಟನ್ ಮೂರು ಕಡೆ ಬರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಬ್ರೌಸರಿನ ಕನ್ಸೋಲ್‌ನಲ್ಲಿ (ಕೋಡ್ ಪರೀಕ್ಷಿಸುವ ಕಿಟಕಿ) ವಿಡಿಯೋ ಹುಡುಕಿದರೆ ‘ನಲ್’, ಅಂದರೆ ಏನೂ ಇಲ್ಲ ಎಂಬ ಉತ್ತರ ಸಿಗುತ್ತದೆ. ವಿಡಿಯೋ ಕಣ್ಣೆದುರೇ ಓಡುತ್ತಿದೆಯಲ್ಲ!

ಉತ್ತರ: ನಿಮ್ಮ ದೂರು ಎರಡು, ಕಾರಣ ಒಂದೇ. ನಿಮ್ಮ ಕಣ್ಣಿಗೆ ಅದು ಒಂದು ಪುಟ, ಬ್ರೌಸರ್‌ಗೆ ನಾಲ್ಕು. ಐಫ್ರೇಮ್ ಎಂದರೆ ಪುಟದೊಳಗೆ ಕೂರಿಸಿದ ಬೇರೆ ಪುಟ, ಪ್ರತಿಯೊಂದಕ್ಕೂ ತನ್ನದೇ ವಿಳಾಸ. ಸ್ಕ್ರಿಪ್ಟ್ ಯಾವ ವಿಳಾಸದಲ್ಲಿ ಓಡಬೇಕೆಂದು ಹೇಳುವ ನಿಮ್ಮ ‘@ಮ್ಯಾಚ್’ ಸಾಲನ್ನು ಟ್ಯಾಂಪರ್‌ಮಂಕಿ ಪ್ರತಿ ಫ್ರೇಮಿನ ಸ್ವಂತ ವಿಳಾಸದ ಜೊತೆ ಹೋಲಿಸುತ್ತದೆ, ಮೇಲಿನ ಅಡ್ರೆಸ್ ಬಾರ್ ಜೊತೆ ಅಲ್ಲ. ಅದೇ ಸೈಟಿನ ಎರಡು ಫ್ರೇಮ್ ಒಳಗಿದ್ದರೆ ಸ್ಕ್ರಿಪ್ಟ್ ಮೂರು ಸಲ ಓಡುತ್ತದೆ. ನಾಲ್ಕನೆಯದು ವಿಡಿಯೋ ಓಡಿಸುವ ಪ್ಲೇಯರಿನ ಫ್ರೇಮ್, ಅದು ಬೇರೆ ವಿಳಾಸದಿಂದ ಬರುತ್ತಿದ್ದರೆ ಅಲ್ಲಿ ಓಡುವುದೇ ಇಲ್ಲ.

ಇದು ನನ್ನ ಊಹೆ ಮಾತ್ರ. ನೀವೇ ನೋಡಿಬಿಡಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ಲೊಕೇಶನ್.ಎಚ್‌ರೆಫ್’ (ಆ ಫ್ರೇಮಿನ ವಿಳಾಸ) ಅನ್ನು ಕನ್ಸೋಲ್‌ಗೆ ಬರೆಸಿ. ಮೂರು ಸಾಲು ಬಿದ್ದು, ಅದರಲ್ಲಿ ಪ್ಲೇಯರಿನ ವಿಳಾಸ ಇಲ್ಲದಿದ್ದರೆ ಊಹೆ ಸರಿ. ಆಮೇಲೆ ಕ್ರೋಮ್‌ನ ಕನ್ಸೋಲ್ ಮೇಲ್ಗಡೆ ‘ಟಾಪ್’ ಎಂದಿರುವ ಪಟ್ಟಿ ತೆರೆದು ಪ್ಲೇಯರಿನ ಫ್ರೇಮ್ ಆರಿಸಿ, ವಿಡಿಯೋವನ್ನು ಮತ್ತೆ ಹುಡುಕಿ. ಈ ಸಲ ಸಿಗುತ್ತದೆ. ಅಂದರೆ ಕನ್ಸೋಲ್ ಸುಳ್ಳು ಹೇಳಿರಲಿಲ್ಲ, ನೀವು ಪಕ್ಕದ ಕೋಣೆಯಲ್ಲಿ ಹುಡುಕುತ್ತಿದ್ದಿರಿ ಅಷ್ಟೇ.

ಹೊರಗಿನ ಪುಟದಿಂದಲೇ ಫ್ರೇಮಿನ ಒಳಗೆ ಕೈಹಾಕಲು ಹೋಗಬೇಡಿ. ಎರಡೂ ವಿಳಾಸಗಳ ಸ್ಕೀಮ್ (https ಥರದ್ದು), ಹೋಸ್ಟ್ (ಸೈಟಿನ ಹೆಸರು), ಪೋರ್ಟ್ (ಸಂಪರ್ಕದ ಸಂಖ್ಯೆ) ಮೂರೂ ಒಂದೇ ಆಗಿರದಿದ್ದರೆ ಫ್ರೇಮಿನ ಒಳಗನ್ನು ಕೊಡಬೇಕಾದ ‘ಕಂಟೆಂಟ್‌ಡಾಕ್ಯುಮೆಂಟ್’ ಬರೀ ನಲ್ ಕೊಡುತ್ತದೆ. ಒಂದೇ ಸೈಟಿನ ಬೇರೆ ಸಬ್‌ಡೊಮೇನ್ ಕೂಡ ಬೇರೆಯೇ, ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಈ ತಡೆ ಇಲ್ಲದಿದ್ದರೆ ಯಾವುದೋ ಪುಟ ನಿಮ್ಮ ಮೇಲ್‌ಬಾಕ್ಸನ್ನು ಫ್ರೇಮಿನಲ್ಲಿ ತೆರೆದು ಓದಿಬಿಡಬಹುದಿತ್ತು, ಅಲ್ವಾ?

‘@ನೋಫ್ರೇಮ್ಸ್’ ಹಾಕಿ ಎಂದು ಯಾರಾದರೂ ಹೇಳಿರಬಹುದು. ಹಾಕಿದರೆ ಮೂರು ಬಟನ್ ಒಂದಾಗುತ್ತದೆ ನಿಜ. ಆದರೆ ಸ್ಕ್ರಿಪ್ಟ್ ಯಾವ ಫ್ರೇಮಿನೊಳಗೂ ಹೋಗುವುದಿಲ್ಲ, ನಿಮಗೆ ಬೇಕಾದ ಪ್ಲೇಯರಿಗೂ. ನಿಮ್ಮ ಕೆಲಸಕ್ಕೆ ಅದು ತಿರುಗುಮುರುಗು.

ನಾನಾಗಿದ್ದರೆ ‘@ಮ್ಯಾಚ್’ನಲ್ಲಿ ಸೈಟಿನ ವಿಳಾಸ ತೆಗೆದು ಪ್ಲೇಯರಿನ ವಿಳಾಸವನ್ನಷ್ಟೇ ಇಡುತ್ತಿದ್ದೆ. ಬಟನ್ ಪ್ಲೇಯರಿನ ಒಳಗೇ ಹುಟ್ಟಲಿ. ವಿಡಿಯೋ ಅಲ್ಲೇ ಇದೆ, ‘ಪ್ಲೇಬ್ಯಾಕ್‌ರೇಟ್’ ಅನ್ನು 1.5 ಮಾಡಿದರೆ ಮುಗಿಯಿತು. ಬಟನ್ ಹೊರಗಡೆಯೇ ಬೇಕು ಎಂಬ ಹಟ ಇದ್ದರೆ ಎರಡೂ ವಿಳಾಸ ಇಟ್ಟು, ‘ಪೋಸ್ಟ್‌ಮೆಸೇಜ್’ ಮೂಲಕ ಫ್ರೇಮಿಗೆ ಸುದ್ದಿ ಕಳಿಸಬೇಕು, ಒಳಗಡೆ ‘ಈವೆಂಟ್.ಒರಿಜಿನ್’ ನೋಡಿ ಯಾರು ಕಳಿಸಿದ್ದೆಂದು ಖಚಿತ ಮಾಡಿಕೊಳ್ಳಬೇಕು. ಒಂದು ಬಟನ್‌ಗಾಗಿ ಸುಮ್ನೆ ಅಷ್ಟೆಲ್ಲ ಯಾಕೆ? ಅದೂ ಅಲ್ಲದೆ ಫುಲ್‌ಸ್ಕ್ರೀನ್ ಮಾಡಿದ ಕೂಡಲೇ ಹೊರಗಿನ ಬಟನ್ ಮರೆಯಾಗುತ್ತದೆ. ಒಳಗೆ ಇಡುವಾಗಲೂ ಪುಟದ ‘ಬಾಡಿ’ ಟ್ಯಾಗಿಗೆ ಅಂಟಿಸಬೇಡಿ, ಫುಲ್‌ಸ್ಕ್ರೀನ್ ಆಗುವ ‘ಡಿವ್’ ಟ್ಯಾಗಿಗೇ (ಪ್ಲೇಯರನ್ನು ಸುತ್ತಿರುವ ಡಬ್ಬ) ಅಂಟಿಸಿ.

ಅದೇ ಪ್ಲೇಯರ್ ಬೇರೆ ಸೈಟುಗಳಲ್ಲೂ ಇದ್ದರೆ ಬಟನ್ ಅಲ್ಲೂ ಬರುತ್ತದೆ. ಬೇಡವೆಂದರೆ ‘ಡಾಕ್ಯುಮೆಂಟ್.ರೆಫರರ್’ ನೋಡಿ, ಬೇರೆ ಸೈಟಾಗಿದ್ದರೆ ಸ್ಕ್ರಿಪ್ಟನ್ನು ಅಲ್ಲೇ ನಿಲ್ಲಿಸಿಬಿಡಿ. ಫ್ರೇಮ್ ಲೋಡ್ ಆದಾಗ ಸಾಮಾನ್ಯವಾಗಿ ಅದರಲ್ಲಿ ಹೊರಗಿನ ಸೈಟಿನ ಹೆಸರು ಇರುತ್ತದೆ.

ಇಷ್ಟು ಮಾಡಿಯೂ ನಲ್ ಬಂದರೆ ಪ್ಲೇಯರ್ ವಿಡಿಯೋ ಟ್ಯಾಗನ್ನು ತಡವಾಗಿ ಸೇರಿಸುತ್ತಿರಬಹುದು. ಮೂರು ಸೆಕೆಂಡ್ ಕಾಯುವ ಟೈಮರ್ ಹಾಕಬೇಡಿ, ನೆಟ್ ನಿಧಾನವಾದ ದಿನ ಅದು ಕೈಕೊಡುತ್ತದೆ. ಪುಟದಲ್ಲಾಗುವ ಬದಲಾವಣೆ ಗಮನಿಸುವ ‘ಮ್ಯುಟೇಶನ್ ಅಬ್ಸರ್ವರ್’ ಇಟ್ಟು, ವಿಡಿಯೋ ಸಿಕ್ಕ ಕೂಡಲೇ ಆ ಅಬ್ಸರ್ವರನ್ನು ನಿಲ್ಲಿಸಿ.