ಬೋರ್ಡಿನಲ್ಲಿರುವ ಚೆರಿ ಯಾವುದು?

ಮಡಿಕೇರಿಯ ಕಾಫಿ ವ್ಯಾಪಾರಿ ಬೋರ್ಡಿನಲ್ಲಿ ಚೆರಿ, ಪಾರ್ಚ್‌ಮೆಂಟ್ ಅಂತ ಬೇರೆ ಬೇರೆ ರೇಟು ಯಾಕೆ, ಚೆರಿ ಅಂದರೆ ಹಣ್ಣಲ್ವಾ ಎಂದು ಕೇಳಿದ್ದೀರಿ.

ಗಿಡದಲ್ಲಿರುವಾಗ ಹೌದು, ಕೆಂಪು ಹಣ್ಣೇ ಚೆರಿ. ಬೋರ್ಡಿನ ಚೆರಿ ಬೇರೆ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ ಕಾಫಿಗೂ ಅದೇ ಹೆಸರು.

ಪಾರ್ಚ್‌ಮೆಂಟ್‌ಗೆ ಕೆಲಸ ಜಾಸ್ತಿ. ಹಣ್ಣು ಕುಯ್ದ ಮೇಲೆ ತಡಮಾಡದೆ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು. ಅಂಟು ಹೋಗುವಂತೆ ತೊಳೆದು ಒಣಗಿಸಬೇಕು. ಆಗ ಬೀಜದ ಮೇಲೆ ತೆಳುವಾದ ಗರಿಗರಿ ಹೊಟ್ಟು ಮಾತ್ರ ಉಳಿಯುತ್ತದೆ, ಅದೇ ಪಾರ್ಚ್‌ಮೆಂಟ್. ಹಿಂದೆ ಬರೆಯಲು ಬಳಸುತ್ತಿದ್ದ ಚರ್ಮದ ಹಾಳೆಗೂ ಇಂಗ್ಲಿಷಿನಲ್ಲಿ ಪಾರ್ಚ್‌ಮೆಂಟ್ ಅಂತಲೇ ಹೆಸರು.

ರೇಟಿನ ಗುಟ್ಟು ತೂಕದಲ್ಲಿದೆ. 50 ಕೆಜಿ ಪಾರ್ಚ್‌ಮೆಂಟ್‌ನಿಂದ ಸುಮಾರು 40 ಕೆಜಿ ಬೀಜ ಸಿಗುತ್ತದೆ. ಚೆರಿಯಲ್ಲಿ ಹೆಚ್ಚುಕಮ್ಮಿ ಅರ್ಧ ಸಿಪ್ಪೆಯೇ. ಎಷ್ಟು ಬೀಜ ಸಿಗುತ್ತದೆ ಅನ್ನುವ ಈ ಲೆಕ್ಕಕ್ಕೇ ಔಟ್‌ಟರ್ನ್ ಅನ್ನುವುದು. ಮಾರುವ ಮುಂಚೆ ಅದನ್ನು ಕೇಳದೆ ಬರಬೇಡಿ.

ಇನ್ನೊಂದು ಗೊಂದಲ ಪ್ಲಾಂಟೇಷನ್. ಮಾಮೂಲಾಗಿ ಅದು ತೋಟ. ಆದರೆ ಪ್ಲಾಂಟೇಷನ್ ಎ ಅಂತ ಗ್ರೇಡ್ ಬರೆದಿದ್ದರೆ ಅದು ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ಕಾಫಿ ಬೀಜ. ಇನ್ನೊಂದು ಜಾತಿಯಾದ ರೊಬಸ್ಟಾಗೆ ಆ ಹೆಸರಿಲ್ಲ, ತೋಟ ಎಷ್ಟೇ ದೊಡ್ಡದಿರಲಿ!