ರಿಪೇರಿಯಿಂದ ಬಂದ ಕೋವಿಗೆ ಗೀರು: ಉಪ್ಪುಕಾಗದ ಹಾಕಬೇಡಿ

ನಮಸ್ಕಾರ ಸರ್. ಕಾರ್ಖಾನೆಗೆ ಕಳಿಸಿದ್ದ ಜೋಡಿನಳಿಗೆ ಕೋವಿಯ ಟ್ರಿಗರ್ ಸರಿಹೋಗಿದೆ, ಆದರೆ ನಳಿಗೆ ಮೇಲೆ ಗೀರು, ಮರದ ಹಿಡಿಯಲ್ಲಿ ತಗ್ಗು. ಕೈಲ್ ಮುಹೂರ್ತದೊಳಗೆ (ಕೊಡಗಿನ ಆಯುಧ ಪೂಜೆಯ ಹಬ್ಬ) ಮನೆಯಲ್ಲೇ ತಿಕ್ಕಿ ಸರಿಮಾಡಲೇ ಅಂತ ಕೇಳಿದ್ದೀರಿ.

ದಯವಿಟ್ಟು ತಿಕ್ಕಬೇಡಿ. ಕೋವಿ ಖಾಲಿ ಇದೆಯಾ ನೋಡಿ, ಹಗಲು ಬೆಳಕಿನಲ್ಲಿ ಫೋಟೋ ತೆಗೆದು, ರಿಪೇರಿ ಚೀಟಿ ಜೊತೆ ಕಾರ್ಖಾನೆಗೆ ಬರೆಯಿರಿ. ನೀವು ಕೈ ಹಾಕಿದ ಮೇಲೆ ತಪ್ಪು ಯಾರದ್ದು ಅಂತ ಹೇಳೋದೇ ಕಷ್ಟ, ಅಲ್ವಾ?

ನಳಿಗೆಯ ಕಪ್ಪು ಪೇಂಟ್ ಅಲ್ಲ, ಉಕ್ಕಿನ ಮೇಲೇ ಕಟ್ಟಿದ ತೆಳು ಪದರ. ಉಪ್ಪುಕಾಗದ ಹಾಕಿದರೆ ಸುತ್ತಲಿನದೂ ಹೋಗುತ್ತದೆ. ಮತ್ತೆ ಬ್ಲೂಯಿಂಗ್, ಅಂದರೆ ಆ ಕಪ್ಪು ಪದರ ಹೊಸದಾಗಿ ಕಟ್ಟಿಸುವುದು, ಮಾಡಿಸುವುದಾದರೆ ಒಂದು ಮಾತು: ಹಳೇ ಜೋಡಿನಳಿಗೆಗಳನ್ನು ಹೆಚ್ಚಾಗಿ ಮೆದು ಬೆಸುಗೆಯಲ್ಲಿ ಕೂಡಿಸಿರುತ್ತಾರೆ. ಬಿಸಿ ಉಪ್ಪಿನ ದ್ರಾವಣದಲ್ಲಿ ಅದ್ದಿದರೆ ಬೆಸುಗೆಯೇ ತಿಂದುಹೋಗುತ್ತದೆ. ತುಕ್ಕು ಹಿಡಿಸಿ ಕಪ್ಪು ಮಾಡುವ ಹಳೇ ವಿಧಾನವೇ ಸರಿ. ಅಲ್ಲಿವರೆಗೆ ಗೀರಿಗೆ ತೆಳ್ಳಗೆ ಎಣ್ಣೆ ಸವರಿ, ಕೊಡಗಿನ ಮಳೆಗೆ ತುಕ್ಕು ಬೇಗ ಹತ್ತುತ್ತದೆ.

ಕಾರ್ಖಾನೆಯವರು ಒಪ್ಪದಿದ್ದರೆ, ತಗ್ಗಿನ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಮುಟ್ಟಿಸಿ. ನಮ್ಮಜ್ಜನ ಕೋವಿಯಲ್ಲಿ ಉಗುರಿನಷ್ಟು ತಗ್ಗು ಮೂರನೇ ಸಲಕ್ಕೆ ಮೇಲೆದ್ದಿತ್ತು. ವಾರ್ನಿಶ್ ಹಾಕಿದ ಮರಕ್ಕೆ ಬೇಡ, ಬೆಳ್ಳಗಾಗುತ್ತದೆ.

ಇನ್ನೊಂದು, ನಂಬರ್ ಕೆತ್ತಿದ ಜಾಗವನ್ನು ಯಾರೂ ಪಾಲಿಶ್ ಮಾಡದಂತೆ ನೋಡಿಕೊಳ್ಳಿ. 1959ರ ಆಯುಧ ಕಾಯ್ದೆಯಲ್ಲಿ ಅದನ್ನು ಅಳಿಸುವುದು ಅಪರಾಧ.