ಬಯಾಪ್ಸಿ ಆದ ಮೇಲೂ ಪೆಟ್ ಸ್ಕ್ಯಾನ್ ಬೇಕೇ?

ನಿಮ್ಮ ಪ್ರಶ್ನೆ ಇದು: ಸಿಂಧನೂರಿನಲ್ಲಿರುವ ತಂದೆಯವರ ಕುತ್ತಿಗೆಯ ಗಂಟಿನ ಬಯಾಪ್ಸಿಯಲ್ಲಿ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್, ಎಂದು ಬಂದಿದೆ. ಕಾಯಿಲೆ ಗೊತ್ತಾದ ಮೇಲೆ ಪೆಟ್ ಸ್ಕ್ಯಾನ್‌ಗಾಗಿ ಮತ್ತೆ ಹೈದರಾಬಾದಿಗೆ ಓಡಬೇಕೇ, ಒಂದೆರಡು ಕೀಮೋ ಆದ ಮೇಲೆ ಮಾಡಿಸಿದರೆ ಸಾಲದೇ?

ಸಾಲದು. ವೈದ್ಯರೇ ಬರೆದುಕೊಟ್ಟಿದ್ದರೆ ಕೀಮೋಗೆ ಮೊದಲೇ ಮಾಡಿಸಿ. ನಾನು ವೈದ್ಯನಲ್ಲ, ಇದೇ ಕಾಯಿಲೆಯ ಅಣ್ಣನನ್ನು ರಾಯಚೂರಿನಿಂದ ಕರೆದುಕೊಂಡು ಅಲೆದವನು.

ಕಾಯಿಲೆಯ ಹೆಸರು ಹೇಳುವುದು ಬಯಾಪ್ಸಿ. ಅದು ಎಲ್ಲೆಲ್ಲಿದೆ, ಜೀವಂತವಾಗಿದೆಯೇ ಎಂದು ಹೇಳುವುದು ಪೆಟ್. ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ, ಗ್ಲೂಕೋಸ್‌ನಂಥದ್ದೇ ಒಂದು ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹಸಿದ ಕ್ಯಾನ್ಸರ್ ಕೋಶಗಳು ಅದನ್ನು ಸಕ್ಕರೆಯೆಂದು ನುಂಗುತ್ತವೆ, ಅರಗಿಸಿಕೊಳ್ಳಲಾಗದೆ ಒಳಗೇ ಇಟ್ಟುಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ಮಿದುಳು, ಮೂತ್ರಕೋಶಗಳೂ ಹೊಳೆಯುತ್ತವೆ, ಗಾಬರಿಯಾಗಬೇಡಿ. ಕ್ಷಯದ ಗಂಟೂ ಹೊಳೆಯುತ್ತದೆ! ನಮ್ಮ ಕಡೆ ಕ್ಷಯವೇನು ಕಡಿಮೆಯೇ? ಅದಕ್ಕೇ ಬಯಾಪ್ಸಿ ಬಿಟ್ಟು ಬರೀ ಪೆಟ್ ನಂಬುವುದಿಲ್ಲ.

ಮೊದಲ ಚಿತ್ರದ ಬೆಲೆ ನನಗೆ ತಿಳಿದದ್ದು ಎರಡು ಕೀಮೋ ಸುತ್ತು ಮುಗಿದಾಗ. ಅಣ್ಣನ ಎದೆಯೊಳಗೆ ಬಾರೆಹಣ್ಣಿನಷ್ಟು ಗಂಟು ಇನ್ನೂ ಇತ್ತು. ಗಂಟಿನ ಗಾತ್ರವನ್ನಷ್ಟೇ ತೋರಿಸುವ ಸಿಟಿ ಸ್ಕ್ಯಾನ್ ಒಂದನ್ನೇ ನೋಡಿದ್ದರೆ ನಾವು ಅಲ್ಲೇ ಕುಸಿಯುತ್ತಿದ್ದೆವು. ಪೆಟ್‌ನಲ್ಲಿ ಮಾತ್ರ ಮೊದಲು ಕೆಂಡದಂತಿದ್ದ ಜಾಗ ಆರಿಹೋಗಿತ್ತು. ಉಳಿದಿದ್ದದ್ದು ಗಾಯ ಮಾಗಿದ ಗಡ್ಡೆಯಷ್ಟೇ ಎಂದರು. ವರದಿಯಲ್ಲಿ 'ಡೋವಿಲ್ 2' ಎಂದಿತ್ತು. 1ರಿಂದ 5ರವರೆಗಿನ ಆ ಅಳತೆಯಲ್ಲಿ ಗಂಟಿನ ಹೊಳಪನ್ನು ಯಕೃತ್ತಿನ ಹೊಳಪಿಗೆ ಹೋಲಿಸುತ್ತಾರೆ. 4, 5 ಬಂದರೆ ಚಿಕಿತ್ಸೆ ಬದಲಿಸುವ ಯೋಚನೆ ಶುರುವಾಗುತ್ತದೆ. ಮೊದಲ ಚಿತ್ರವೇ ಇಲ್ಲದಿದ್ದರೆ ಎಲ್ಲಿ ಎಷ್ಟು ಆರಿದೆ ಎಂದು ಯಾವುದರ ಜೊತೆ ಹೋಲಿಸಿ ಹೇಳುತ್ತಾರೆ? ಇನ್ನೊಂದು ಲಾಭವೂ ಇದೆ: ಹಾಡ್ಜ್‌ಕಿನ್‌ನಲ್ಲಿ ಪೆಟ್ ಮಾಡಿಸಿದವರಿಗೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುವ ನೋವು ಹೆಚ್ಚಾಗಿ ತಪ್ಪುತ್ತದೆ.

'ರಕ್ತದ ಕ್ಯಾನ್ಸರ್' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಸೇರಿಸಬೇಡಿ. ಲ್ಯುಕೇಮಿಯಾ ಪತ್ತೆಗೆ ರಕ್ತ ಮತ್ತು ಮಜ್ಜೆಯ ಪರೀಕ್ಷೆಯೇ ಮುಖ್ಯ, ಪೆಟ್ ಅಲ್ಲ. ಮಜ್ಜೆಯ ಕೋಶಗಳ ಕ್ಯಾನ್ಸರ್ ಆದ ಮೈಲೋಮಾದಲ್ಲಿ ಪೆಟ್ ಉಪಯುಕ್ತ. ಟೆಕ್ನೀಷಿಯಂ ಎಂಬ ಬೇರೊಂದು ವಿಕಿರಣ ವಸ್ತು ಕೊಟ್ಟು ಮಾಡುವ ಬೋನ್ ಸ್ಕ್ಯಾನ್ ಹೊಸ ಮೂಳೆ ಕಟ್ಟುವ ಜಾಗವನ್ನು ತೋರಿಸುತ್ತದೆ. ಮೈಲೋಮಾ ಮೂಳೆಯನ್ನು ತಿನ್ನುತ್ತದೆ, ಕಟ್ಟಲು ಬಿಡುವುದಿಲ್ಲ. ಹಾಗಾಗಿ ಬೋನ್ ಸ್ಕ್ಯಾನ್ ಕಣ್ಣಿಗೆ ಅದು ಎಷ್ಟೋ ಸಲ ಬೀಳುವುದೇ ಇಲ್ಲ.

ಈಗ ನಮ್ಮ ದಡ್ಡತನ. ಉಪವಾಸ ಬನ್ನಿ ಎಂದಿದ್ದರು. ಬೆಳಗಿನ ಜಾವ ರಾಯಚೂರು ನಿಲ್ದಾಣದಲ್ಲಿ ಅಣ್ಣ ಸಕ್ಕರೆ ಹಾಕಿದ ಚಹಾ ಎರಡು ಲೋಟ ಕುಡಿದ. 'ಚಹಾ ಊಟವಲ್ಲವಲ್ಲ' ಎಂದು ಅವನ ವಾದ. ಅಲ್ಲಿ ಸೂಜಿಗೆ ಮೊದಲು ಕೇಳಿದರು, ವಾಪಸ್ ಕಳುಹಿಸಿದರು. ಆ ಔಷಧದ ವಿಕಿರಣ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ನಮಗಾಗಿ ನಾಳೆಯವರೆಗೆ ಕಾಯುವುದಿಲ್ಲ. ನಿಮ್ಮ ತಂದೆಯವರಿಗೆ ನೀರು ಮಾತ್ರ ಕೊಡಿ. ಎಲೆ ಅಡಿಕೆ, ತಂಬಾಕೂ ಬೇಡ. ಹಿಂದಿನ ದಿನ ಗದ್ದೆ ಕೆಲಸಕ್ಕೆ ಬಿಡಬೇಡಿ, ದಣಿದ ಸ್ನಾಯುಗಳೂ ಆ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಸಕ್ಕರೆ ಕಾಯಿಲೆಯಿದ್ದರೆ ದಿನಾಂಕ ಪಡೆಯುವಾಗಲೇ ಹೇಳಿ. ಮಾತ್ರೆ, ಇನ್ಸುಲಿನ್ ಯಾವಾಗ ಎಂದು ಅವರೇ ತಿಳಿಸುತ್ತಾರೆ. ಸೂಜಿಯಾದ ಮೇಲೆ ಒಂದು ಗಂಟೆ ಮಾತಿಲ್ಲದೆ ಮಲಗಿರಬೇಕು. ಆ ದಿನ ಮೊಮ್ಮಕ್ಕಳನ್ನು, ಗರ್ಭಿಣಿಯರನ್ನು ಅವರ ಹತ್ತಿರ ಕೂರಿಸಬೇಡಿ.

ವರದಿಯ ಕಾಗದದ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಎರಡನೇ ಸ್ಕ್ಯಾನ್ ಬೇರೆ ಊರಿನಲ್ಲಿ ಆದರೆ ಅವರು ಮೊದಲು ಕೇಳುವುದು ಅದನ್ನೇ.